ದೊಡ್ಡಕ್ಕನ ಕುದ್ರು

ಕರಿಹೊಳೆ ಕಡಲನ್ನು ಸೇರುವ ಜಾಗದಲ್ಲಿ, ಹೊನ್ನಳಿವೆ ಎಂಬ ಸಣ್ಣ ಊರಿನ ಪಡುವಣಕ್ಕೆ, ಒಂದು ಕುದ್ರು ಇದೆ. ಹೊಳೆಯ ನಡುವೆ ಮಣ್ಣು ಮರಳು ಕೂಡಿ ಎದ್ದ ನಡುಗಡ್ಡೆಗೆ ನಮ್ಮ ಕರಾವಳಿಯಲ್ಲಿ ಕುದ್ರು ಎಂದು ಹೆಸರು. ಸಾಮಾನ್ಯವಾಗಿ ಕುದ್ರುಗಳು ನೀರು ಹರಿಯುವ ದಿಕ್ಕಿಗೇ ಉದ್ದವಾಗಿ ಮಲಗಿರುತ್ತವೆ. ಹೊಳೆಯೇ ಎರಡೂ ಬದಿಯಿಂದ ಸವರಿ ಅವುಗಳನ್ನು ಹಾಗೆ ಮಾಡುತ್ತದೆ. ಈ ಕುದ್ರು ಮಾತ್ರ ಹರಿವಿಗೆ ಅಡ್ಡಲಾಗಿ ಮಲಗಿದೆ. ಅದರ ಮೇಲೆ ಒಂದಿಷ್ಟು ಗಾಳಿಮರಗಳಿವೆ, ಅಂಚಿನ ಕೆಸರಿನಲ್ಲಿ ಕಾಂಡ್ಲಾ ಪೊದೆಗಳಿವೆ, ಸಂಜೆಗೆ ಬಂದು ಕೂರುವ ಬೆಳ್ಳಕ್ಕಿಗಳಿವೆ. ಮನೆಯಿಲ್ಲ, ಗುಡಿಯಿಲ್ಲ, ಕಲ್ಲು ನೆಟ್ಟ ಗುರುತೂ ಇಲ್ಲ. ಊರವರು ಅದನ್ನು ದೊಡ್ಡಕ್ಕನ ಕುದ್ರು ಎನ್ನುತ್ತಾರೆ.

ಹೊರಗಿನಿಂದ ಬಂದವರು ಆ ಹೆಸರು ಕೇಳಿ, ದೊಡ್ಡಕ್ಕ ಎಂದರೆ ಯಾರು, ಯಾವ ಮನೆತನದ ಹೆಂಗಸು, ಸತಿ ಹೋದವಳೋ ಎಂದು ವಿಚಾರಿಸುತ್ತಾರೆ. ಒಮ್ಮೆ ಬಂದಿದ್ದ ಮೇಷ್ಟರೊಬ್ಬರು, ಇಲ್ಲಿ ಹಿಂದೆ ಯಾವುದೋ ದೇವಿಯ ಸ್ಥಾನ ಇದ್ದಿರಬೇಕು, ಹೊಳೆ ಕೊಚ್ಚಿಕೊಂಡು ಹೋಗಿರಬೇಕು ಎಂದು ತೀರ್ಮಾನ ಮಾಡಿ ಹೋದರು. ನಾವು ಎದುರಾಡಲಿಲ್ಲ. ಆದರೆ ನನ್ನ ಅಜ್ಜಿ, ಅವಳ ಅಜ್ಜಿಯಿಂದ ಕೇಳಿ ಹೇಳುತ್ತಿದ್ದ ಸಂಗತಿ ಬೇರೆಯೇ ಇದೆ. ದೊಡ್ಡಕ್ಕ ಹೆಂಗಸಲ್ಲ, ದೇವಿಯೂ ಅಲ್ಲ. ದೊಡ್ಡಕ್ಕ ಒಂದು ಹಡಗು. ಆ ಕುದ್ರುವಿನ ಮರಳಿನ ಅಡಿಯಲ್ಲಿ ಅವಳು ಇವತ್ತಿಗೂ ಮಲಗಿದ್ದಾಳೆ.

ಹಿಂದೆ, ಈ ಕರಾವಳಿಯ ಒಂದೊಂದು ಹೊಳೆಬಾಯಿಯನ್ನು ಒಬ್ಬೊಬ್ಬ ಪಾಳೆಯಗಾರ ಆಳುತ್ತಿದ್ದ ಕಾಲದಲ್ಲಿ, ಹೊನ್ನಳಿವೆ ಹೆಸರಿಗೆ ತಕ್ಕ ಬಂದರಾಗಿತ್ತಂತೆ. ಘಟ್ಟದ ಮೇಲಿನಿಂದ ಎತ್ತಿನ ಹೇರುಗಳಲ್ಲಿ ಮೆಣಸು ಇಳಿಯುತ್ತಿತ್ತು, ಹೊಳೆಯ ಎರಡೂ ದಡದ ಗದ್ದೆಗಳಿಂದ ಅಕ್ಕಿ ಬರುತ್ತಿತ್ತು, ಅರಬರ ನಾಡಿನಿಂದ ಕುದುರೆ ಖರ್ಜೂರಗಳು ಬಂದಿಳಿಯುತ್ತಿದ್ದವು. ಹೊಳೆಬಾಯಿಯ ಎರಡೂ ಕಡೆ ಮರಳಿನ ದಿಬ್ಬಗಳು ನೀರಿನೊಳಗೇ ಕಡಲಿನತ್ತ ಚಾಚಿಕೊಂಡಿದ್ದವು. ಆ ದಿಬ್ಬಗಳ ಮೇಲೆ ಅಲೆಗಳು ಸದಾ ಮುರಿದು ಬೀಳುತ್ತಿದ್ದುದರಿಂದ ಅಲ್ಲಿ ಯಾವ ದೋಣಿಯೂ ದಾಟುವಂತಿರಲಿಲ್ಲ; ದಾಟಲು ಹೋದದ್ದು ಮಗುಚಿ ಬೀಳುತ್ತಿತ್ತು. ನಡುವೆ ಒಂದೇ ಒಂದು ಆಳದ ದಾರಿ. ಒಳಗೆ ಬರುವವರು, ಹೊರಗೆ ಹೋಗುವವರು, ಮೀನಿನ ದೋಣಿಯಾಗಲಿ ದೊಡ್ಡ ಹಡಗಾಗಲಿ, ಆ ದಾರಿಯಲ್ಲೇ ಹಾಯಬೇಕಿತ್ತು.

ಊರಿನ ಹಡಗುಗಳಲ್ಲೆಲ್ಲ ದೊಡ್ಡದನ್ನು ಜಟ್ಟಯ್ಯ ಎಂಬ ತಾಂಡೇಲ ನಡೆಸುತ್ತಿದ್ದ. ತಾಂಡೇಲನೆಂದರೆ ಹಡಗಿನ ಮೇಲಿನ ಯಜಮಾನ. ನೀರಿಗಿಳಿದ ಮೇಲೆ ಅವನ ಮಾತಿಗೆ ಅರಸನೂ ಎದುರಾಡುವಂತಿಲ್ಲ. ಹಡಗನ್ನು ಮೊದಲು ನೀರಿಗಿಳಿಸಿದಾಗ ಪುರೋಹಿತರು ಯಾವುದೋ ಉದ್ದನೆಯ ಹೆಸರಿಟ್ಟಿದ್ದರಂತೆ. ಅದು ಯಾರ ನಾಲಗೆಗೂ ಹತ್ತಲಿಲ್ಲ. ಅವಳು ಹೊರಟರೆ ಸಣ್ಣ ದೋಣಿಗಳೆಲ್ಲ ಸೆರಗು ಹಿಡಿದ ತಮ್ಮ ತಂಗಿಯರ ಹಾಗೆ ಹಿಂದೆಯೇ ಹೋಗುತ್ತಿದ್ದುದರಿಂದ ಜನ ದೊಡ್ಡಕ್ಕ ಎಂದು ಕರೆದರು. ಒಂದು ವರ್ಷ ಊರಿಗೆ ಊರೇ ಜ್ವರದಲ್ಲಿ ಮಲಗಿ ಗದ್ದೆ ನಾಟಿಯಾಗದೆ ಉಳಿದಾಗ, ತೆಂಕಣ ಬಂದರುಗಳಿಂದ ಅಕ್ಕಿ ತುಂಬಿ ತಂದು ಜನರನ್ನು ಉಳಿಸಿದವಳೂ ಅವಳೇ. ದೂರದಲ್ಲಿ ಅವಳ ಪಟ ಕಂಡರೆ ಸಾಕು, ದಡದಲ್ಲಿ ಬಲೆ ಒಣಗಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಎದ್ದು ನಿಂತು, “ದೊಡ್ಡಕ್ಕ ಬಂದ್ಲು!” ಎಂದು ಕೂಗುತ್ತಿದ್ದರು. ಜಟ್ಟಯ್ಯನ ತಂದೆಯೂ ಅದೇ ಹಡಗಿನ ಚುಕ್ಕಾಣಿ ಹಿಡಿದವನು. ಜಟ್ಟಯ್ಯನ ಹೆಂಡತಿ ತೀರಿಕೊಂಡಾಗ ಅವನು ದೊಡ್ಡಕ್ಕನ ಜೊತೆ ಕಡಲಿನಲ್ಲಿದ್ದ. ಮರಳಿ ಬಂದಮೇಲೆ ಅವನಿಗೆ ಉಳಿದದ್ದು ಸೋಮಯ್ಯ ಎಂಬ ಒಬ್ಬನೇ ಮಗ, ಮತ್ತು ಈ ಹಡಗು. ಎರಡರಲ್ಲಿ ಯಾವುದರ ಮೇಲೆ ಅವನಿಗೆ ಹೆಚ್ಚು ಜೀವ ಎಂದು ಊರವರು ತಮಾಷೆಗೆ ಕೇಳುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ.

ಆ ವರ್ಷ ಮಳೆಗಾಲ ಕಳೆದು ಕಡಲು ತೆರವಾದ ಕೂಡಲೇ ದಡಕ್ಕೆ ಸುಟ್ಟ ಮರದ ತುಂಡುಗಳು ಬರತೊಡಗಿದವು. ಉಬ್ಬರದ ನೀರಿನೊಡನೆ ಬಂದು ಮರಳಿನ ಮೇಲೆ ಸಾಲಾಗಿ ಬೀಳುತ್ತಿದ್ದವು. ಮೊದಲು ಜನ ಅವನ್ನು ಸೌದೆಗೆಂದು ಆಯ್ದುಕೊಂಡರು. ಆಮೇಲೆ ಒಂದು ದಿನ ಕೆತ್ತನೆಯಿದ್ದ ಹಲಗೆಯೊಂದು ಬಂತು. ಬಡಗಣ ಬಂದರಿನಿಂದ ಮದುವೆಯಾಗಿ ಬಂದಿದ್ದ ಹೆಂಗಸೊಬ್ಬಳು ಅದನ್ನು ನೋಡಿ, “ಇದು ನಮ್ಮಣ್ಣನ ದೋಣಿ” ಎಂದು ಅಲ್ಲೇ ಕುಸಿದು ಕೂತಳು. ಅಂದಿನಿಂದ ಯಾರೂ ಆ ಮರ ಮುಟ್ಟಲಿಲ್ಲ. ದಡದುದ್ದಕ್ಕೂ ಕರಿ ತುಂಡುಗಳು ರಾಶಿ ಬಿದ್ದವು. ಗಾಳಿ ಬಡಗಣದಿಂದ ಬೀಸಿದಾಗ ಅನ್ನ ಬಡಿಸಿದ ಬಾಳೆಯ ಮೇಲೂ ಹೊಗೆಯ ವಾಸನೆ ಇರುತ್ತಿತ್ತು ಎನ್ನುತ್ತಾರೆ.

ಕೆಲದಿನಗಳಲ್ಲೇ ಆ ಬಂದರಿನ ಜನ ತಲೆಯ ಮೇಲೆ ಗಂಟು ಹೊತ್ತು ಕಡಲ ದಂಡೆ ಹಿಡಿದು ನಡೆದು ಬಂದರು. ಅವರಲ್ಲಿ ಕಡವು ದಾಟಿಸುತ್ತಿದ್ದ ಮುದುಕಿಯೊಬ್ಬಳಿದ್ದಳು. ಏನಾಯಿತು ಎಂದು ಕೇಳಿದವರಿಗೆ ಅವಳು ಹೇಳಿದ್ದು ಇಷ್ಟೇ: “ಜಗಳಕ್ಕೆ ಬಂದವರು ಕೂಗಬೇಕಲ್ಲ? ಅವರು ಕೂಗುವುದಿಲ್ಲ. ಕೂಲಿಗೆ ಬಂದವರ ಹಾಗೆ ಬರುತ್ತಾರೆ, ಸುಡುತ್ತಾರೆ, ಹೋಗುತ್ತಾರೆ.” ಹಾಗೆ ಬಂದವರನ್ನು ನಮ್ಮ ಹಿರಿಯರು ಪರಂಗಿಗಳು ಎಂದರು. ಯಾವ ದೇಶದವರು, ಯಾವ ರಾಜನ ಕಡೆಯವರು ಎಂದು ಹೇಳಿದವರಿಗೂ ತಿಳಿದಿರಲಿಲ್ಲ, ಕೇಳಿದ ನಮಗೂ ತಿಳಿಯದು. ಕಡಲಿನ ಮೇಲೆ ಯಾರೇ ಓಡಾಡಬೇಕಾದರೂ ತಮ್ಮ ಅಪ್ಪಣೆ ಬೇಕು ಎನ್ನುತ್ತಿದ್ದರು, ಅಪ್ಪಣೆಯಿಲ್ಲದೆ ಹೋದ ಹಡಗನ್ನು ಮುಳುಗಿಸುತ್ತಿದ್ದರು ಎಂಬುದಷ್ಟೇ ನಿಜ.

ಅವರ ಹಡಗುಗಳು ಹೊನ್ನಳಿವೆಯ ಮುಂದೆ ಕಾಣಿಸಿದ್ದು ಒಂದು ಬೆಳಗ್ಗೆ. ದಿಗಂತದ ಮೇಲೆ ಮೋಡದ ತುಂಡುಗಳಂತೆ ಪಟಗಳೆದ್ದವು, ಹತ್ತಿರವಾದವು, ಹೊಳೆಬಾಯಿಯ ಹೊರಗೆ ಲಂಗರು ಬಿಟ್ಟು ನಿಂತವು. ಒಂದೊಂದೂ ನಮ್ಮ ಕಡೆಯ ಒಂದು ಕೇರಿಯಷ್ಟು ಉದ್ದ, ಬದಿಯಲ್ಲಿ ಸಾಲು ಸಾಲು ತೋಪಿನ ಬಾಯಿಗಳು. ಊರನ್ನಾಳುತ್ತಿದ್ದ ಕೊಂಡರಸ ಒಡೆಯ ಇನ್ನೂ ಎಳೆಯ ಪ್ರಾಯದವನು; ಕೋಟೆಯ ಮೇಲೆ ಅವನಿಗಿದ್ದುದು ತುಕ್ಕು ಹಿಡಿದ ಕೆಲವು ತೋಪುಗಳು. ಪರಂಗಿಗಳ ಕಡೆಯ ದುಭಾಷಿ ಸಣ್ಣ ದೋಣಿಯಲ್ಲಿ ಬಂದು, ಬಂದರನ್ನು ಒಪ್ಪಿಸಬೇಕು, ಅಪ್ಪಣೆಯಿಲ್ಲದೆ ಅರಬರ ನಾಡಿಗೆ ಹೋಗಿಬಂದ ದೊಡ್ಡ ಹಡಗನ್ನೂ ಒಪ್ಪಿಸಬೇಕು, ಹುಣ್ಣಿಮೆಯವರೆಗೆ ಯೋಚನೆ ಮಾಡಿ ಎಂದು ತಿಳಿಸಿ ಹೋದ. ಗಡುವು ಕೊಟ್ಟದ್ದು ಕರುಣೆಯಿಂದ ಎಂದು ಪೇಟೆಯ ಕೆಲವರು ಅಂದುಕೊಂಡರು. ನೀರಿನ ಜನಕ್ಕೆ ಹಾಗೆ ಅನ್ನಿಸಲಿಲ್ಲ. ಅಷ್ಟು ಭಾರದ ಹಡಗು ಹೊಳೆಯೊಳಗೆ ಬರಬೇಕಾದರೆ ಹುಣ್ಣಿಮೆಯ ದೊಡ್ಡ ಉಬ್ಬರವೇ ಬೇಕು. ಅವರು ಕಾಯುತ್ತಿದ್ದುದು ಉತ್ತರಕ್ಕಲ್ಲ, ನೀರಿಗೆ. ಅಂದಿನಿಂದ ಸಂಜೆ ಚಂದ್ರ ಮೂಡಿದರೆ ಜನ ತಲೆಯೆತ್ತಿ ನೋಡುವುದನ್ನೇ ಬಿಟ್ಟರು. ತಾಯಂದಿರು ಮಕ್ಕಳಿಗೆ ಚಂದಮಾಮನನ್ನು ತೋರಿಸಿ ಊಟ ಮಾಡಿಸುವುದನ್ನೂ ನಿಲ್ಲಿಸಿದರು.

ಸುಮ್ಮನೆ ಕಾಯಲು ಮನಸ್ಸು ಬಾರದೆ ಸೋಮಯ್ಯ ಒಂದಿಷ್ಟು ಹರೆಯದವರನ್ನು ಕೂಡಿಸಿ, ಹುಟ್ಟು ಹಾಕುವ ಹಗುರ ದೋಣಿಗಳಲ್ಲಿ ಒಮ್ಮೆ ಹೊರಗೆ ಹೋಗಿ ನೋಡಿದ. ಸುತ್ತ ಮುತ್ತಿ ಬೆಂಕಿಯ ಪಂಜು ಎಸೆಯಬೇಕೆಂಬ ಯೋಚನೆ. ಹತ್ತಿರ ಹೋಗುವುದಕ್ಕೇ ಆಗಲಿಲ್ಲ. ಹೋದ ದೋಣಿಗಳಲ್ಲಿ ಅರ್ಧ ಮರಳಿದವು. ಮರಳಿದವರು ನೀರಿನಲ್ಲಿ ನಿಂತು ಗಾಯಾಳುಗಳನ್ನು ಇಳಿಸಿದರು. ಸೋಮಯ್ಯ ತಂದೆಯ ಮುಂದೆ ಬಂದು ನಿಂತು, “ಅಪ್ಪಾ, ನಮ್ಮ ಬಾಣ ಅರ್ಧ ದಾರಿಗೆ ಬಿದ್ದುಹೋಗುತ್ತೆ. ಅವರ ಗುಂಡು ಸದ್ದಿಗಿಂತ ಮೊದಲೇ ಬಂದಿರುತ್ತೆ. ಹೊಡೆದು ಗೆಲ್ಲುವುದು ಅಂತ ಒಂದಿಲ್ಲ” ಎಂದ. ಅವನ ಹೆಂಡತಿ ಮಂಕಾಳಿ, ಹಿಂದಿನ ಬೇಸಿಗೆಯಲ್ಲಷ್ಟೇ ತೆಂಕಣ ಊರಿನಿಂದ ಮದುವೆಯಾಗಿ ಬಂದವಳು, ಅವನ ತೋಳಿಗೆ ಹರಿದ ಬಟ್ಟೆ ಕಟ್ಟುತ್ತ ಆ ಮಾತನ್ನು ಕೇಳಿಸಿಕೊಂಡಳು.

ಹೊಡೆಯುವುದಕ್ಕಾಗದಿದ್ದರೆ ದಾರಿಯನ್ನೇ ಮುಚ್ಚಬೇಕು ಎಂದು ಕೊಂಡರಸ ಒಡೆಯ ಯೋಚಿಸಿದ. ಹಳೆಯ ದೋಣಿಗಳಿಗೆ ಕೆಂಪುಕಲ್ಲು ತುಂಬಿ ಹೊಳೆಬಾಯಿಯಲ್ಲಿ ಮುಳುಗಿಸಿದರು. ಇಳಿತದ ನೀರು ಅವುಗಳನ್ನು ತೆಂಗಿನ ಸಿಪ್ಪೆಯ ಹಾಗೆ ಉರುಳಿಸಿಕೊಂಡು ಕಡಲಿಗೆ ಹಾಕಿತು. ಆ ದಾರಿಗೆ ಅಡ್ಡ ಮಲಗಿ ಎರಡೂ ದಿಬ್ಬಕ್ಕೆ ತಲೆ ಕಾಲು ಕೊಟ್ಟು ನಿಲ್ಲುವಷ್ಟು ಉದ್ದದ್ದು ಊರಿನಲ್ಲಿ ಒಂದೇ ಇತ್ತು. ಬಂದರಿನ ಚಪ್ಪರದಲ್ಲಿ ಕೂಡಿದ್ದ ಸಭೆಯಲ್ಲಿ ಅದರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಜಟ್ಟಯ್ಯನ ಮುಖ ನೋಡಿದರು.

“ನೋಡಬೇಡಿ ನನ್ನನ್ನ” ಎಂದ ಜಟ್ಟಯ್ಯ. “ಅನ್ನ ಹಾಕಿದವಳನ್ನು ಹೂತುಬಿಡು ಅಂತ ಹೇಳುವುದಕ್ಕೆ ನಿಮಗೆ ಬಾಯಿ ಹೇಗೆ ಬರುತ್ತದೆ?”

ಒಡೆಯ ತಲೆ ತಗ್ಗಿಸಿ, “ಬಾಯಿ ಬರಲಿಲ್ಲ ಅಂತಲೇ ಸುಮ್ಮನಿದ್ದೇವೆ ತಾಂಡೇಲರೇ” ಎಂದನಂತೆ.

ಜಟ್ಟಯ್ಯ ಎದ್ದು ಹೊರಗೆ ಹೋದ. ಬಹಳ ಹೊತ್ತು ಹಡಗುಕಟ್ಟೆಯಲ್ಲಿ ಒಬ್ಬನೇ ಕೂತಿದ್ದು ಮರಳಿ ಬಂದ. ಬಂದವನು ಒಪ್ಪಿಕೊಂಡ, ಆದರೆ ಒಂದು ಹಟ ಹಿಡಿದ. “ಸುಮ್ಮನೆ ಮುಳುಗಿಸುವುದಿಲ್ಲ. ಈಗಲೇ ಮುಚ್ಚಿದರೆ ಅವರು ಹೊರಗೆ ನಿಂತು ನೋಡುತ್ತಾರೆ, ನಿಧಾನಕ್ಕೆ ಅವಳನ್ನು ಕಿತ್ತು ದಾರಿ ಮಾಡಿಕೊಳ್ಳುತ್ತಾರೆ. ಅವರ ದೊಡ್ಡ ಹಡಗು ದಾರಿಯೊಳಗೆ ನುಗ್ಗಿ, ತಿರುಗುವುದಕ್ಕೆ ಜಾಗ ಇಲ್ಲದಾಗ ಅವಳನ್ನು ಅಡ್ಡ ಮಲಗಿಸುತ್ತೇನೆ. ಹೋಗುವುದಾದರೆ ಅವಳು ಒಬ್ಬಳೇ ಹೋಗಬಾರದು.” ಮಾತು ಸರಿಯಾಗಿತ್ತು. ಆದರೆ ಅದು ಲೆಕ್ಕಾಚಾರದ ಮಾತಷ್ಟೇ ಅಲ್ಲ, ಹೊಟ್ಟೆಯುರಿಯ ಮಾತು ಎಂಬುದು ಕೇಳಿದವರಿಗೆಲ್ಲ ತಿಳಿದಿತ್ತು. ಪರಂಗಿಯ ಹಡಗು ದಾರಿಯೊಳಗೆ ನುಗ್ಗಬೇಕಾದರೆ ಅದನ್ನು ಯಾರಾದರೂ ಕರೆತರಬೇಕು. ಹಗುರ ದೋಣಿಗಳು ಹೊರಗೆ ಹೋಗಿ ಕೆಣಕಿ, ಸೋತವರ ಹಾಗೆ ಓಡಿಬರಬೇಕು. ಸಭೆಯ ಹಿಂದಿನಿಂದ ಸೋಮಯ್ಯ, “ನಾನು ಹೋಗುತ್ತೇನೆ” ಎಂದಾಗಲೇ ತನ್ನ ಹಟ ಯಾರ ತಲೆಯ ಮೇಲೆ ಬಂದು ಕೂತಿತು ಎಂಬುದು ಜಟ್ಟಯ್ಯನಿಗೆ ಗೊತ್ತಾದದ್ದು. ಆಡಿದ ಮಾತನ್ನು ಅವನು ಹಿಂದೆ ತೆಗೆದುಕೊಳ್ಳಲಿಲ್ಲ.

ಹಡಗಿನ ಬಡಗಿ ಶೇಷಾಚಾರಿ, ತನ್ನ ಅಜ್ಜ ಕಟ್ಟಿದ್ದ ಹಡಗಿನ ಹೊಟ್ಟೆಯಲ್ಲಿ ತಾನೇ ತೂತುಗಳನ್ನು ಕೊರೆದು, ಮರದ ಬೆಣೆಗಳನ್ನು ಬಡಿದು ಮುಚ್ಚಿದ. ಬೆಣೆ ಹೊಡೆದು ತೆಗೆದರೆ ನೀರು ನುಗ್ಗಬೇಕು. ಊರಿನ ಗಂಡಸರು ಹೆಂಗಸರು ಸಾಲು ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿ ಅವಳಿಗೆ ತುಂಬಿದರು. ಅಕ್ಕಿ ತಂದ ಹೊಟ್ಟೆಗೆ ಕಲ್ಲು ಹಾಕುತ್ತೇವಲ್ಲ ಎಂದು ಕೆಲವರು ಪ್ರತಿ ಕಲ್ಲಿಗೂ ಕೈಮುಗಿದರಂತೆ. ಹುಣ್ಣಿಮೆಯ ಹಿಂದಿನ ಸಂಜೆ ಮಂಕಾಳಿ ಊಟಕ್ಕೆ ಬಡಿಸುತ್ತ ಮಾವನನ್ನು ಕೇಳಿದಳು: “ಮಾವ, ಅವರು ಒಳಗೆ ಬಂದಮೇಲೆಯೇ ಅಲ್ಲವಾ ನೀವು ಮುಚ್ಚುವುದು?”

“ಹೌದು ಮಗಳೇ. ಅವನ ದೋಣಿ ನನ್ನ ಕಣ್ಣೆದುರು ದಾಟಿ ಒಳಗೆ ಹೋದಮೇಲೆಯೇ.”

“ಅಪ್ಪನಿಗೆ ಸುಮ್ಮನೆ ಭಾರ ಹಾಕಬೇಡ” ಎಂದು ಸೋಮಯ್ಯ ಅವಳನ್ನು ಗದರಿದ. ಆಮೇಲೆ ಕೈತೊಳೆಯಲು ಅಂಗಳಕ್ಕೆ ಹೋದಾಗ ತಂದೆಗೆ ಮಾತ್ರ ಕೇಳುವಂತೆ, “ಹೊರಗೆ ಯಾರಿದ್ದಾರೆ ಅಂತ ನೋಡಬೇಡ ಅಪ್ಪಾ. ಹಡಗು ಎಲ್ಲಿದೆ ಅಂತ ನೋಡು” ಎಂದ.

ಹುಣ್ಣಿಮೆಯ ದಿನ ಉಬ್ಬರ ತುಂಬುವುದು ನಡುಹಗಲಿಗೆ. ಬೆಳಗಿನಿಂದ ಗಾಳಿಯಿರಲಿಲ್ಲ. ಕಡಲು ಎಣ್ಣೆ ಸುರಿದ ಹಾಗೆ ನಿಶ್ಚಲವಾಗಿ, ಕಣ್ಣು ಕೋರೈಸುವ ಬಿಳುಪಾಗಿತ್ತು. ಕಾಗೆಗಳು ಕೂಡ ಮರ ಬಿಟ್ಟು ಏಳಲಿಲ್ಲ. ಊರಿನ ಮುದುಕರನ್ನೂ ಮಕ್ಕಳನ್ನೂ ಹೊಳೆಯ ಮೇಲುಭಾಗಕ್ಕೆ ಕಳಿಸಿದ್ದರು. ಉಳಿದವರು ಕೋಟೆಯ ಬುಡದಲ್ಲಿ ಕೂತಿದ್ದರು. ದೊಡ್ಡಕ್ಕ ಹೊಳೆಬಾಯಿಯ ಒಳಮಗ್ಗುಲಲ್ಲಿ, ತೆಂಗಿನ ಮರಗಳ ಮರೆಯಲ್ಲಿ, ದಡಕ್ಕೆ ಹಗ್ಗ ಕಟ್ಟಿ ಕಾದಿದ್ದಳು. ಅವಳ ಮೇಲಿದ್ದವರು ಜಟ್ಟಯ್ಯ, ಶೇಷಾಚಾರಿ ಮತ್ತು ಹಗ್ಗ ಎಳೆಯಲು ಬೇಕಾದಷ್ಟು ಜನ. ಸೂರ್ಯ ನೆತ್ತಿಗೇರುತ್ತಿದ್ದಂತೆ ಪಡುವಣದಿಂದ ಗಾಳಿ ಎದ್ದಿತು. ಪರಂಗಿಗಳು ಪಟ ಬಿಚ್ಚಿದರು. ಮುದುಕಿ ಹೇಳಿದ್ದು ನಿಜ, ಅಷ್ಟು ಜನರಿದ್ದ ಹಡಗುಗಳಿಂದ ಒಂದು ಕೂಗೂ ಕೇಳಲಿಲ್ಲ. ಲಂಗರು ಎತ್ತುವ ಕಿರುಗುಟ್ಟುವಿಕೆ ಮಾತ್ರ ನೀರಿನ ಮೇಲಿನಿಂದ ತೇಲಿ ಬಂತು.

ಸೋಮಯ್ಯನ ದೋಣಿಗಳು ಹೊರಗೆ ಹೋಗಿ, ಹತ್ತಿರ ಸುಳಿದು, ಬಾಣ ಬಿಟ್ಟು, ತಿರುಗಿ ಓಡತೊಡಗಿದವು. ಎಣಿಸಿದಂತೆಯೇ ಎಲ್ಲಕ್ಕಿಂತ ದೊಡ್ಡ ಹಡಗು ಬೆನ್ನು ಹತ್ತಿತು. ಕೋಟೆಯಿಂದ ನೋಡುತ್ತಿದ್ದವರಿಗೆ ಅಷ್ಟು ದಿನಗಳಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಬಂತು. ಅಷ್ಟರಲ್ಲಿ ಗಾಳಿ ಜೋರಾಯಿತು. ಪರಂಗಿಯ ಹಡಗು ಇದ್ದಬದ್ದ ಪಟವನ್ನೆಲ್ಲ ಏರಿಸಿತು, ಅದರ ಬದಿಯ ತೋಪುಗಳು ಸಿಡಿದವು. ಸಾಲಿನ ನಡುವಿನ ದೋಣಿಯೊಂದು ಎರಡು ಹೋಳಾಯಿತು. ನೀರಿಗೆ ಬಿದ್ದವರನ್ನು ಎತ್ತಿಕೊಳ್ಳಲು ಸೋಮಯ್ಯ ತನ್ನ ದೋಣಿಯನ್ನು ನಿಲ್ಲಿಸಿದ. ಜೊತೆಯವರೂ ನಿಂತರು. ಅವರು ಮತ್ತೆ ಹುಟ್ಟಿಗೆ ಕೈಹಾಕುವುದರೊಳಗೆ ಆ ದೊಡ್ಡ ಹಡಗು ಅವರ ಪಕ್ಕದಲ್ಲೇ ಹಾದು ಮುಂದಾಯಿತು. ಬೆನ್ನಟ್ಟಿ ಬಂದದ್ದು ಹೊಳೆಬಾಯಿಗೆ ಮೊದಲು ಬಂತು. ಓಡಿ ಬರಬೇಕಾದವರು ಅದರ ಹಿಂದೆ ಉಳಿದರು. ಅವರ ಬೆನ್ನಿಗೆ ಬೇರೆ ಪರಂಗಿ ಹಡಗುಗಳು ಬರುತ್ತಿದ್ದವು, ಎರಡು ಮಗ್ಗುಲಲ್ಲಿ ಅಲೆ ಮುರಿಯುವ ದಿಬ್ಬಗಳು.

ಜಟ್ಟಯ್ಯ ದಡದ ಹಗ್ಗ ಕಡಿಸಿದ. ದೊಡ್ಡಕ್ಕ ಮರಗಳ ಮರೆಯಿಂದ ಹೊರಬಂದು ದಾರಿಯ ಮಧ್ಯಕ್ಕೆ ಸರಿದಳು. ಮೂತಿಯ ಲಂಗರು ಒಂದು ದಿಬ್ಬಕ್ಕೆ, ಹಿಂಬದಿಯ ಲಂಗರು ಇನ್ನೊಂದಕ್ಕೆ ಕಚ್ಚಿಕೊಂಡಿತು. ಇನ್ನು ಉಳಿದದ್ದು ಬೆಣೆ. ಹಡಗಿನ ಹೊಟ್ಟೆಯೊಳಗಿನಿಂದ ಶೇಷಾಚಾರಿ ಸುತ್ತಿಗೆ ಹಿಡಿದು ಕೂಗಿದ: “ಹೊಡೆಯಲಾ ತಾಂಡೇಲರೇ?”

ಜಟ್ಟಯ್ಯ ಚುಕ್ಕಾಣಿಯ ಹತ್ತಿರ ನಿಂತಿದ್ದ. ಪರಂಗಿ ಹಡಗಿನ ಮೂತಿ ದಾರಿಯೊಳಗೆ ಬಂದಾಗಿತ್ತು. ಅದರ ಪಟಗಳ ಸಂದಿಯಲ್ಲಿ, ಆಚೆ, ಹುಟ್ಟುಗಳು ಏಳುವುದು ಬೀಳುವುದು ಅವನಿಗೆ ಕಾಣುತ್ತಿತ್ತು. ಮಗನ ದೋಣಿಯ ಪಟ್ಟೆ ಬಣ್ಣ ಕಾಣುತ್ತಿತ್ತು.

“ತಾಂಡೇಲರೇ! ಹೇಳಿ!”

ಹಗ್ಗ ಹಿಡಿದು ನಿಂತವರಲ್ಲಿ ಬದುಕಿ ಬಂದವರು ಮುಂದೆ ಹೇಳಿದ ಪ್ರಕಾರ, ಜಟ್ಟಯ್ಯನ ಬಾಯಿ ಎರಡು ಸಲ ತೆರೆಯಿತು, ಮಾತು ಹೊರಡಲಿಲ್ಲ. ಶೇಷಾಚಾರಿಗೆ ಮೇಲೆ ಏನಾಗುತ್ತಿದೆ ಎಂಬುದು ಕಾಣುವಂತಿರಲಿಲ್ಲ. ಅವನು ಮತ್ತೆ ಕೂಗಿದಾಗ ಜಟ್ಟಯ್ಯ ಬಗ್ಗಿ, ಮಾತು ಕಲಿಯುವ ಮಗುವಿನ ಹಾಗೆ ಬಿಡಿಬಿಡಿಯಾಗಿ, “ಹೊ… ಡಿ” ಎಂದ. ಸುತ್ತಿಗೆ ಬಿತ್ತು. ನೀರು ನುಗ್ಗಿದ ಸದ್ದು ದೊಡ್ಡ ಪ್ರಾಣಿಯೊಂದು ನಿಟ್ಟುಸಿರು ಬಿಟ್ಟಂತೆ ಇತ್ತು ಎನ್ನುತ್ತಾರೆ. ದೊಡ್ಡಕ್ಕ ವಾಲಲಿಲ್ಲ, ತಿರುಗಲಿಲ್ಲ. ನಿಂತ ಜಾಗದಲ್ಲೇ ಕೂರುವವಳಂತೆ ನೆಟ್ಟಗೆ ಕೆಳಗಿಳಿದಳು. ಪಟ ಕಟ್ಟುವ ಕೂವೆಮರದ ತುದಿ ಮಾತ್ರ ನೀರಿನ ಮೇಲೆ ಉಳಿಯಿತು.

ಪರಂಗಿ ಹಡಗಿಗೆ ಪಟ ಇಳಿಸುವಷ್ಟೂ ಹೊತ್ತು ಸಿಗಲಿಲ್ಲ. ಗಾಳಿಯ ಬಲ, ಉಬ್ಬರದ ಬಲ ಎರಡೂ ಸೇರಿ ಅದನ್ನು ದೊಡ್ಡಕ್ಕನ ಮೇಲೆ ಹತ್ತಿಸಿಬಿಟ್ಟವು. ತಳ ಬಿರಿದು ಅದು ಅಲ್ಲೇ ಸಿಕ್ಕಿಕೊಂಡಿತು. ಸ್ವಲ್ಪ ಹೊತ್ತಿಗೆ ನೀರು ಇಳಿಯತೊಡಗಿತು. ನೀರಿಳಿದ ಹಾಗೆಲ್ಲ ಆ ದೊಡ್ಡ ಒಡಲು ಒಂದು ಮಗ್ಗುಲಿಗೆ ವಾಲಿ, ಒಂದು ಕಡೆಯ ತೋಪುಗಳು ಆಕಾಶಕ್ಕೂ ಇನ್ನೊಂದು ಕಡೆಯವು ಕೆಸರಿಗೂ ಮುಖಮಾಡಿದವು. ಕೋಟೆಯ ತುಕ್ಕು ಹಿಡಿದ ತೋಪುಗಳಿಗೂ ಆಗ ಕೆಲಸ ಸಿಕ್ಕಿತು. ದಡದ ಜನ ಎಣ್ಣೆಯ ಪಂಜು ಎಸೆದರು. ಮರುದಿನದವರೆಗೂ ಆ ಹಡಗು ಉರಿಯಿತು. ಕೂಗದೆ ಬಂದವರು ಅಂದು ಕೂಗಿದರು. ಆ ಕೂಗು ಕೇಳಿದವರಲ್ಲಿ ಕೆಲವರು, ಗೆದ್ದವರಾಗಿದ್ದರೂ, ಕಿವಿ ಮುಚ್ಚಿಕೊಂಡು ಕೂತರು.

ಇನ್ನು ಹೊರಗೆ ಉಳಿದಿದ್ದ ದೋಣಿಗಳ ಮಾತು. ಹೊಳೆಬಾಯಿ ಮುಚ್ಚಿದ್ದನ್ನು ಕಂಡ ಕೂಡಲೇ ಸೋಮಯ್ಯ ಕೈಬೀಸಿ ಜೊತೆಯವರನ್ನು ದಿಬ್ಬದ ಹೊರತುದಿ ಬಳಸಿ ತೆಂಕಣಕ್ಕೆ ಓಡಿಸಿದನಂತೆ. ತನ್ನ ದೋಣಿಯನ್ನು ಮಾತ್ರ ಎದುರು ತಿರುಗಿಸಿ, ಸಿಕ್ಕಿಬಿದ್ದ ಹಡಗನ್ನು ಎಳೆದು ಬಿಡಿಸಲು ಬರುತ್ತಿದ್ದ ಎರಡನೆಯ ಹಡಗಿನ ಮುಂದಕ್ಕೆ ಹೋದ. ಹೊಗೆ ಕವಿಯಿತು. ಹೊಗೆ ಸರಿದಾಗ ಎರಡನೆಯ ಹಡಗು ಪಟಕ್ಕೆ ಬೆಂಕಿ ತಗುಲಿ ಹಿಂದೆ ಸರಿಯುತ್ತಿತ್ತು. ದೋಣಿ ಕಾಣಲಿಲ್ಲ. ಸಂಜೆಗೆ ಮುಂಚೆ ಉಳಿದ ಹಡಗುಗಳೂ ಲಂಗರು ಬಿಡದೆ ಬಡಗಣಕ್ಕೆ ಹೊರಟುಹೋದವು. ಮತ್ತೆ ಅವರು ಹೊನ್ನಳಿವೆಗೆ ಬಂದದ್ದು ಯಾರಿಗೂ ನೆನಪಿಲ್ಲ.

ಜಟ್ಟಯ್ಯ ಈಜಿ ದಡ ಸೇರಿದಾಗ ಜನ ಅವನನ್ನು ಎತ್ತಿಕೊಳ್ಳಲು ಓಡಿದರು. ಮಂಕಾಳಿ ದಡದ ಅಂಚಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಳು. ಅವಳನ್ನು ಕಂಡು ಜನ ದಾರಿ ಬಿಟ್ಟರು.

“ಅವರ ದೋಣಿ ದಾಟಿತಾ ಮಾವ?”

“ಇಲ್ಲ.”

ಅವಳು ತಿರುಗಿ ಮನೆಗೆ ನಡೆದಳು. ಅವನು ಒದ್ದೆ ಬಟ್ಟೆಯಲ್ಲೇ ದಂಡೆ ಹಿಡಿದು ತೆಂಕಣಕ್ಕೆ ನಡೆಯತೊಡಗಿದ. ತೆಂಕಣದ ದಂಡೆಗಳಲ್ಲಿ ಹತ್ತಿದ ದೋಣಿಗಳವರು ಒಬ್ಬೊಬ್ಬರಾಗಿ ಎದುರು ಸಿಕ್ಕರು. ಸಿಕ್ಕವರನ್ನೆಲ್ಲ ಅವನು ತಬ್ಬಿಕೊಂಡ, ಊರಿಗೆ ಹೋಗಿ ಎಂದ, ಮುಂದೆ ನಡೆದ. ದಂಡೆ ಮುಗಿದು ಬಂಡೆಗಳು ಕಡಲಿಗಿಳಿಯುವ ಕಡೆಯಿಂದ ಒಬ್ಬನೇ ಹಿಂತಿರುಗಿದ.

ಒಡೆಯ ಅವನಿಗೆ ಉಂಬಳಿ ಕೊಡಲು ಬಂದ, ಅವನು ಮುಟ್ಟಲಿಲ್ಲ. ಊರು ಅವನನ್ನು ಹೊಗಳಿತು, ಅವನು ಕೇಳಿಸಿಕೊಳ್ಳಲಿಲ್ಲ. ದಿನಾ ಇಳಿತದ ವೇಳೆಗೆ ಸಣ್ಣ ದೋಣಿ ಹತ್ತಿ ಹೋಗಿ, ನೀರಿನ ಮೇಲಿದ್ದ ಕೂವೆಮರದ ತುದಿಗೆ ಹಗ್ಗ ಕಟ್ಟಿ ಕೂತಿರುತ್ತಿದ್ದ. ಅಷ್ಟರಲ್ಲಿ ಯಾರೂ ಎಣಿಸದ ಇನ್ನೊಂದು ಸಂಗತಿ ನಡೆಯತೊಡಗಿತ್ತು. ಹೊಳೆ ತಂದ ಮಣ್ಣು, ಕಡಲು ತಂದ ಮರಳು ಎರಡೂ ಆ ಮುಳುಗಿದ ಒಡಲಿಗೆ ತಡೆದು ನಿಲ್ಲುತ್ತಿದ್ದವು. ಮೊದಲ ಮಳೆಗಾಲ ಕಳೆದಾಗ ದೊಡ್ಡ ಹಡಗು ಬರುವಂತಿರಲಿಲ್ಲ. ಆಮೇಲೆ ಮಧ್ಯಮದವೂ ನಿಂತವು. ವರ್ತಕರು ಮಳಿಗೆ ಮುಚ್ಚಿ ಬೇರೆ ಹೊಳೆಬಾಯಿಗಳಿಗೆ ಹೋದರು, ಘಟ್ಟದ ಎತ್ತುಗಳು ಬೇರೆ ದಾರಿ ಹಿಡಿದವು. ಪರಂಗಿಗಳು ಸುಡಲು ಬಂದಿದ್ದ ಬಂದರನ್ನು ಮರಳು ಸದ್ದಿಲ್ಲದೆ ನುಂಗಿತು. ಹಾಗಾದರೆ ಉಳಿಸಿದ್ದೇನು ಎಂದು ಯಾರೋ ಜಟ್ಟಯ್ಯನ ಮುಂದೆಯೇ ಕೇಳಿದರಂತೆ. “ನೀನು ಬದುಕಿ ನಿಂತು ಕೇಳುತ್ತಿದ್ದೀಯಲ್ಲ, ಅದನ್ನು” ಎಂದನಂತೆ ಅವನು. ಕೂವೆಮರದ ತುದಿಯೂ ಮರಳಿನಡಿ ಹೋದ ವರ್ಷ ಅವನು ತೀರಿಕೊಂಡ. ಮರಳಿನ ಮೇಲೆ ಹುಲ್ಲು ಬಂತು, ಹುಲ್ಲಿನ ಮೇಲೆ ಹಕ್ಕಿ ಬಂತು, ಹೆಸರು ಉಳಿಯಿತು.

ಆ ಕುದ್ರುವಿನ ಮೇಲೆ ಹುಣ್ಣಿಮೆಯ ನಡುಹಗಲಿಗೆ ಕಿವಿಯಿಟ್ಟರೆ ಸುತ್ತಿಗೆಯ ಏಟು ಕೇಳುತ್ತದೆ ಎಂದು ಕೆಲವರು ಹೇಳುತ್ತಾರೆ. ಉಬ್ಬರದ ನೀರು ಕಾಂಡ್ಲಾ ಬೇರುಗಳ ಪೊಳ್ಳಿಗೆ ಬಡಿಯುವ ಸದ್ದು ಅದು ಎಂಬುದು ನನ್ನ ಅಭಿಪ್ರಾಯ. ಹಾಗಿದ್ದೂ ಆ ಹೊತ್ತಿಗೆ ನಾನು ಅಲ್ಲಿಗೆ ಹೋದವನಲ್ಲ, ನಮ್ಮೂರಿನ ಯಾರೂ ಹೋಗುವುದಿಲ್ಲ.

ಮಂಕಾಳಿಯ ವಿಷಯ ಇಷ್ಟು ತಿಳಿದಿದೆ. ತವರಿನವರು ಕರೆಯಲು ಬಂದರು, ಅವಳು ಹೋಗಲಿಲ್ಲ. ಮಾವ ಇರುವವರೆಗೂ ಅವನಿಗೆ ಬೇಯಿಸಿ ಹಾಕಿದಳು, ಕೊನೆಗಾಲದಲ್ಲಿ ಅವನ ಮೈ ತೊಳೆದವಳೂ ಅವಳೇ. ಒಂದು ದಿನವೂ ಅವನನ್ನು ಬೈಯಲಿಲ್ಲ. ಆದರೆ ಅಂದು ಸಂಜೆ ಮನೆಗೆ ಹೋದವಳು ಮುಂಬಾಗಿಲನ್ನು ತೆರೆದಿಟ್ಟಳು, ಮತ್ತೆ ಸಾಯುವವರೆಗೂ ಮುಚ್ಚಲಿಲ್ಲ. ಮಳೆ ಎರಚಿದರೂ, ಗಾಳಿ ಮರಳು ತಂದು ಸುರಿದರೂ ಮುಚ್ಚಲಿಲ್ಲ. ಪಕ್ಕದ ಮನೆಯವರು ಒಮ್ಮೆ ಕನಿಕರಕ್ಕೆ ಮುಚ್ಚಲು ಹೋದಾಗ, “ಅವರು ಇನ್ನೂ ಹೊರಗಿದ್ದಾರೆ” ಎಂದಳಂತೆ. ಅವಳೊಬ್ಬಳದೇ ತೆರೆದಿರುವುದು ಬೇಡವೆಂದು ಪಕ್ಕದವರೂ ತೆರೆದಿಟ್ಟರು. ಮೆಲ್ಲಗೆ ಇಡೀ ಕೇರಿಯೇ ತೆರೆದಿಟ್ಟಿತು.

ಹೊನ್ನಳಿವೆಯ ಮೀನುಗಾರರ ಕೇರಿಗೆ ಈಗ ನೀವು ಯಾವ ಸಂಜೆ ಬಂದರೂ ಕಾಣುವುದು ಇದೇ. ದೋಣಿಗಳಿಗೆಲ್ಲ ಎಂಜಿನ್ ಬಂದಿದೆ, ಪ್ರತಿಯೊಬ್ಬರ ಜೇಬಿನಲ್ಲಿ ಫೋನ್ ಇದೆ, ಗಾಳಿ ಜೋರಿದ್ದರೆ ಬೇರೆ ಬಂದರಿಗೆ ಹೋಗಿ ನಿಲ್ಲುತ್ತೇವೆ ಎಂದು ಹೋದವರು ಮೊದಲೇ ತಿಳಿಸುತ್ತಾರೆ. ತಿಳಿಸಿದರೂ, ಊರಿನ ಒಂದೇ ಒಂದು ದೋಣಿ ಕಡಲಿನ ಮೇಲಿದ್ದರೆ ಸಾಕು, ಅದು ಯಾರ ಮನೆಯದೇ ಆಗಲಿ, ಕೇರಿಯ ಯಾವ ಮನೆಯ ಮುಂಬಾಗಿಲೂ ಮುಚ್ಚುವುದಿಲ್ಲ. ಒಳಗೆ ದೀಪ ಉರಿಯುತ್ತಿರುತ್ತದೆ, ಟಿವಿ ನಡೆಯುತ್ತಿರುತ್ತದೆ, ಮಕ್ಕಳು ಓದುತ್ತಿರುತ್ತವೆ, ಬೆಕ್ಕು ನಾಯಿಗಳು ಹಾಯಾಗಿ ಒಳಗೆ ಹೊರಗೆ ಓಡಾಡುತ್ತಿರುತ್ತವೆ. ಕಡೆಯ ದೋಣಿ ಮರಳಿನ ಮೇಲೆ ಹತ್ತಿದ ಮೇಲೆ, ಕೇರಿಯ ತುದಿಯಿಂದ ತುದಿಯವರೆಗೆ, ಒಂದರ ಹಿಂದೆ ಒಂದರಂತೆ ಬಾಗಿಲು ಹಾಕಿಕೊಳ್ಳುವ ಸದ್ದು ಕೇಳುತ್ತದೆ.